ಗಂಟೆಯ ಆಕಾರ

ದಾಕ್ಷಾಯಿಣಿ ಬಿ.ಎಡ್. ಅಭ್ಯಾಸಪಾಠ ಮಾಡಿದ ತರಗತಿಯಲ್ಲಿ ನಲವತ್ತಕ್ಕೆ ನಲವತ್ತು ಮಕ್ಕಳೂ ಅವಳ ಪರೀಕ್ಷೆ ಪಾಸಾಗಿದ್ದರು. ಆ ಖುಷಿಯಲ್ಲೇ ರೆಕಾರ್ಡು ಹಿಡಿದು ಪ್ರೊಫೆಸರರ ಮುಂದೆ ನಿಂತಳು. ಇಪ್ಪತ್ತು ವರ್ಷದಿಂದ ಒಂದೇ ನೋಟ್ಸು ಬರೆಸುತ್ತಿದ್ದ ಆ ಮಹಾಶಯರು ಅಂಕಗಳ ಗ್ರಾಫ್ ನೋಡಿ ಮೂಗು ಮುರಿದರು.

“ಇದು ಗಂಟೆಯ ಆಕಾರದಲ್ಲಿ ಬರಬೇಕಮ್ಮ. ಒಂದಷ್ಟು ಜಾಣರು, ಒಂದಷ್ಟು ಫೇಲು, ಮಿಕ್ಕವರು ನಡುವೆ. ಇಲ್ಲಿ ಫೇಲಾದವರೇ ಇಲ್ಲವಲ್ಲ?”

“ಎಲ್ಲರಿಗೂ ಪಾಠ ಅರ್ಥವಾಗಿದೆ ಸರ್.”

“ಅರ್ಥ ಆಗೋದು ಹಾಗಿರಲಿ. ಐದು ಜನರನ್ನ ಫೇಲ್ ಮಾಡು, ಸಹಿ ಹಾಕ್ತೀನಿ.”

“ಯಾರನ್ನ ಸರ್?”

“ಯಾರಾದರೇನು? ಹಾಜರಿಯಲ್ಲಿ ಕೊನೆಯ ಐದು ಹೆಸರು ತಗೋ.”

ನಾಳೆಯ ಮೇಷ್ಟ್ರುಗಳನ್ನು ತಯಾರು ಮಾಡುವವರು ಇಂಥವರಾ ಎಂದು ಅವಳಿಗೆ ಹೇಸಿಗೆಯಾಯಿತು. ಅಲ್ಲೇ ಕೂತು, ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾ ಒಂದೊಂದೇ ಅಂಕ ಹೊಡೆದುಹಾಕತೊಡಗಿದಳು.

“ಮೂವತ್ತಾರು, ಸಾವಂತ್ರಿ. ಮೂವತ್ತೇಳು, ಸಿದ್ದವ್ವ. ಮೂವತ್ತೆಂಟು, ಸುಗಂಧಿ. ಮೂವತ್ತೊಂಬತ್ತು, ಹಸೀನಾ. ನಲವತ್ತು, ಹೇಮಶ್ರೀ. ನಿಮ್ಮ ಮಗಳಲ್ವಾ ಸರ್?”

ಸಹಿಗೆಂದು ಎತ್ತಿದ್ದ ಪೆನ್ನು ಹಾಗೇ ನಿಂತಿತು. ಪ್ರೊಫೆಸರರು ಗಂಟಲು ಸರಿಮಾಡಿಕೊಂಡರು.

“ಮೊದಲಿನಿಂದ ಐದು ಹೆಸರು ತಗೋ,” ಎಂದರು.