"ಇನ್‌ಸ್ಟಾಲ್ ಆಗುತ್ತಿಲ್ಲ" ಎಂದ ಒಂದೇ ಒಂದು ಕಮೆಂಟ್

ಫೋನ್ ಪಕ್ಕಕ್ಕಿಡುವ ಮುಂಚೆ ಇದೊಂದು ಓದಿಬಿಡಿ ಗೆಳೆಯರೇ... ಕಂಪ್ಯೂಟರ್ ಆಟದ ಕಥೆ ಅಂತ ಮೂಗು ಮುರಿಯಬೇಡಿ.

ಹುಬ್ಬಳ್ಳಿಯಲ್ಲಿ ಧರಣೇಂದ್ರ ಅಂತ ಒಬ್ಬ ಯುವಕ. ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ. ತಲೆಯ ತುಂಬ ಮಾತ್ರ ಒಂದು ಹಳೆಯ ಆಟ...

ಹೊಲ ಉಳುವುದು, ಊರು ಕಟ್ಟುವುದು, ಕೋಟೆ ಕಾಯುವುದು. ಅವನು ಚಿಕ್ಕವನಿದ್ದಾಗ ಬಂದದ್ದು. ಮಾಡಿದ ಕಂಪನಿಯೇ ಅದನ್ನು ಮರೆತುಬಿಟ್ಟಿತ್ತು.

ಇವನು ಮರೆಯಲಿಲ್ಲ. ಆ ಆಟಕ್ಕೆ ಕನ್ನಡದ ಪ್ಯಾಚ್ ಮಾಡಿದ! ಪ್ಯಾಚ್ ಅಂದರೆ ಮತ್ತೇನಲ್ಲ, ತೇಪೆ. ಇಂಗ್ಲಿಷ್ ಮಾತು ಇದ್ದಲ್ಲೆಲ್ಲ ಕನ್ನಡ ಹೊಲಿದ.

ಆ ತೇಪೆಯನ್ನು ಯಾರ ಕಂಪ್ಯೂಟರ್‌ನಲ್ಲಿ ಬೇಕಾದರೂ ತಾನೇ ಹೋಗಿ ಕೂರಿಸುವ ಒಂದು ಪುಟ್ಟ ಇನ್‌ಸ್ಟಾಲರ್ ಕೂಡ ಬರೆದ. ರಾಜ್ಯೋತ್ಸವದ ದಿನ ನೆಟ್‌ನಲ್ಲಿ ಬಿಡುಗಡೆ ಮಾಡಿದ.

ಅವತ್ತಿನಿಂದ ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ... ಪಾಠದ ನಡುವೆ ಫೋನ್, ಊಟದ ತಟ್ಟೆಯ ಪಕ್ಕ ಫೋನ್. ಎಷ್ಟು ಲೈಕು? ಏನು ಕಮೆಂಟು?

"ಸೂಪರ್ ಸರ್!" "ಕನ್ನಡಿಗರ ಹೆಮ್ಮೆ!" ಎಲ್ಲರೂ ಹೊಗಳುವವರೇ.

ನಡುವೆ ಒಂದೇ ಒಂದು ಕಮೆಂಟ್, ಸುಮಂಗಲಾ ಎಂಬವರದು. "ನಮ್ಮಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ. ಬೇಗ ಸರಿ ಮಾಡಿಕೊಡಿ, ತುಂಬಾ ಅಗತ್ಯವಿದೆ."

ಧರಣೇಂದ್ರನಿಗೆ ಮೈ ಉರಿಯಿತು. ಆಟ ಆಡುವುದಕ್ಕೆ ಎಂಥ ಅಗತ್ಯ?

"ನನ್ನ ಕಂಪ್ಯೂಟರ್‌ನಲ್ಲಿ ಸರಿಯಾಗಿಯೇ ಇದೆ. ನಿಮ್ಮದನ್ನು ರಿಪೇರಿ ಮಾಡಿಸಿಕೊಳ್ಳಿ" ಎಂದು ಬರೆದ. ಕಂಪ್ಯೂಟರ್ ಕಲಿತವರ ಬಾಯಿಗೆ ಮೊದಲು ಬರುವುದು ಇದೇ ಮಾತು ನೋಡಿ!

ಆಕೆ ಬಿಡಲಿಲ್ಲ. ಮತ್ತೆ ಬರೆದರು... ಮತ್ತೆ... ಅಷ್ಟು ಹೊಗಳಿಕೆಯ ನಡುವೆ ಆ ಒಂದು ಕಮೆಂಟ್ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚತೊಡಗಿತು.

ಕೊನೆಗೆ ಆಕೆ ವಿಳಾಸವನ್ನೇ ಕಳಿಸಿದರು. "ನಾವೂ ಹುಬ್ಬಳ್ಳಿಯವರೇ. ಒಮ್ಮೆ ಬಂದು ನೋಡುತ್ತೀರಾ?"

ಕೆಟ್ಟಿರುವುದು ಅವರ ಕಂಪ್ಯೂಟರೇ ಎಂದು ಕಣ್ಣೆದುರು ತೋರಿಸಿಯೇ ಬರೋಣ ಅಂತ, ಭಾನುವಾರ ಬೈಕ್ ಹತ್ತಿದ.

ಬಾಗಿಲು ತೆರೆದ ಸುಮಂಗಲಾ ಅರವತ್ತು ದಾಟಿದವರು. ಹಾಲ್‌ನ ಮೂಲೆಯ ಕಂಪ್ಯೂಟರ್ ಮುಂದೆ ಅವರ ಪತಿ ವಿರೂಪಾಕ್ಷಪ್ಪ ಕೂತಿದ್ದರು. ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು.

ಪರದೆಯ ಮೇಲೆ ಅದೇ ಹಳೆಯ ಆಟ, ಇಂಗ್ಲಿಷಿನಲ್ಲಿ. ಅವರು ಮೌಸ್ ಒತ್ತುತ್ತಿದ್ದರು, ತಪ್ಪುತ್ತಿದ್ದರು, ಮೇಜಿಗೆ ಕೈ ಬಡಿಯುತ್ತಿದ್ದರು... ಮತ್ತೆ ಒತ್ತುತ್ತಿದ್ದರು.

"ಲಕ್ವಾ ಹೊಡೀತು ತಮ್ಮಾ" ಎಂದರು ಸುಮಂಗಲಾ, ದನಿ ತಗ್ಗಿಸಿ. "ಇಂಗ್ಲಿಷ್ ಪೂರಾ ಹೋತು. ಮಾತೂ ನಿಂತಾವ. ಕನ್ನಡ ಒಂದೀಟು ಉಳದೈತಿ, ಇಷ್ಟದ್ದು ಏನರ ಓದಸ್ರಿ, ಬಿಟ್ರ ಅದೂ ಹೊಕ್ಕೈತಿ ಅಂದಾರ ಡಾಕ್ಟರು. ಪೇಪರ್ ಕೊಟ್ರ ಹರದು ಒಗೀತಾರ. ಇವರಿಗೆ ಇಷ್ಟ ಅಂದ್ರ ಈ ಆಟ ಒಂದ..."

ಧರಣೇಂದ್ರ ಕುರ್ಚಿ ಎಳೆದುಕೊಂಡ. ಕೂತು ಇನ್‌ಸ್ಟಾಲರ್ ಒತ್ತಿದ. ನಿಂತುಹೋಯಿತು. ಮತ್ತೆ ಒತ್ತಿದ... ಮತ್ತೆ ನಿಂತಿತು.

ಆಮೇಲೆ ಕಾರಣ ಕಂಡಿತು. ಆ ಕಂಪ್ಯೂಟರ್‌ನಲ್ಲಿ ಯಜಮಾನರ ಹೆಸರು ಕನ್ನಡ ಅಕ್ಷರದಲ್ಲಿತ್ತು. ಹಾಗಾಗಿ ಅವರ ಫೋಲ್ಡರ್ ಹೆಸರೂ ಕನ್ನಡದಲ್ಲೇ.

ಇವನ ಇನ್‌ಸ್ಟಾಲರ್‌ಗೋ, ಇಂಗ್ಲಿಷ್ ಹೆಸರಿನ ಫೋಲ್ಡರ್ ಬಿಟ್ಟರೆ ಬೇರೆ ದಾರಿಯೇ ಗೊತ್ತಿಲ್ಲ! ಕನ್ನಡದ ಪ್ಯಾಚು ಕನ್ನಡದ ಹೆಸರು ಕಂಡು ಬೆದರಿ ನಿಂತಿತ್ತು.

"ಅಮ್ಮಾರ, ಈ ಹೆಸರು ತಗದು ಇಂಗ್ಲಿಷ್‌ನ್ಯಾಗ ಹೊಸಾದು ಮಾಡೂನ್ರಿ. ಆತು, ಈಗ ಮುಗೀತೈತಿ" ಎಂದ.

ಸುಮಂಗಲಾ ಅವನ ಕೈಯನ್ನೇ ಹಿಡಿದುಬಿಟ್ಟರು.

"ಬ್ಯಾಡ ತಮ್ಮಾ! ದಿನಾ ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಅವರ ಹೆಸರು ಬರ್ತೈತಲ್ಲ... ಅದರ ಮ್ಯಾಲೆ ಬಟ್ಟು ಇಟ್ಟು ಓದ್ತಾರ. ಅವರು ಓದೂದು ಅದೊಂದ. ಅದನ್ನ ತಗೀಬ್ಯಾಡ."

ಧರಣೇಂದ್ರನ ಕಣ್ಣು ತುಂಬಿ ಬಂತು. ರಿಪೇರಿ ಮಾಡಿಸಿಕೊಳ್ಳಿ ಅಂತ ಬರೆದಿದ್ದನಲ್ಲ, ಆ ಮಾತು ನೆನೆದು ಮುಖ ಎತ್ತಲಾಗಲಿಲ್ಲ.

ಲ್ಯಾಪ್‌ಟಾಪ್ ತೆಗೆದು ಅಲ್ಲೇ ನೆಲದ ಮೇಲೆ ಕೂತ. ಜೇಬಿನಲ್ಲಿ ಫೋನ್ ಟಣ್ ಟಣ್ ಎನ್ನುತ್ತಲೇ ಇತ್ತು... ನೋಡಲಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅಳಿಸಿದ, ಬರೆದ, ಮತ್ತೆ ಅಳಿಸಿದ.

ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಆಟವೆಲ್ಲ ಕನ್ನಡ, ಆದರೆ ಇನ್‌ಸ್ಟಾಲರ್‌ನ ಬಟನ್‌ಗಳು ಮಾತ್ರ ಇಂಗ್ಲಿಷ್! ಇದನ್ನೆಲ್ಲ ಯಾರು ಓದುತ್ತಾರೆ ಅಂತ ಹಾಗೇ ಬಿಟ್ಟಿದ್ದ. ಅವನ್ನೂ ಬದಲಿಸಿದ.

ಸಂಜೆಯ ಹೊತ್ತಿಗೆ ಎದ್ದು ಬಂದು ಮೌಸನ್ನು ವಿರೂಪಾಕ್ಷಪ್ಪನವರ ಕೈಗೇ ಕೊಟ್ಟ.

ಅವರು ಪರದೆಯ ಬಟನ್‌ಗೆ ಬೆರಳಿಟ್ಟರು. ತುಟಿ ಅಲುಗಿತು.

"ಮುಂ... ಮುಂದೆ."

ಒತ್ತಿದರು! ಆಟ ತೆರೆಯಿತು. ಒಂದೊಂದೇ ಸಾಲು... ಬೆರಳಿಟ್ಟು, ತಡವರಿಸಿ, ಓದುತ್ತ ಹೋದರು.

ಇದ್ದಕ್ಕಿದ್ದಂತೆ ಅವರು ಹುಬ್ಬು ಗಂಟಿಕ್ಕಿ ಧರಣೇಂದ್ರನ ಕಡೆ ತಿರುಗಿದರು. ಮೇಜು ಬಡಿದರು.

"ಜ್ವಾಳ... ದನದ ಕೊಟ್ಟಿಗ್ಯಾಗ... ಇಡ್ತಾರೇನು? ತಪ್ಪು!"

ಹೌದು! ಕಣಜ ಅನ್ನಬೇಕಾದಲ್ಲಿ ಇವನು ಕೊಟ್ಟಿಗೆ ಅಂತ ಬರೆದಿದ್ದ. ಹೊಗಳಿದ ಅಷ್ಟೂ ಜನರಲ್ಲಿ ಒಬ್ಬರಾದರೂ ಅದನ್ನು ಹೇಳಿರಲಿಲ್ಲ.

ಸುಮಂಗಲಾ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತುಬಿಟ್ಟರು. "ಬೈದ್ರು... ನೋಡು ತಮ್ಮಾ, ಪೂರಾ ಮಾತಾಡಿ ಬೈದ್ರು!"

ಧರಣೇಂದ್ರ ಕಣ್ಣೊರೆಸಿಕೊಳ್ಳುತ್ತ ಅವರ ಕುರ್ಚಿಯ ಪಕ್ಕ ಕೂತ.

"ತಪ್ಪಾತ್ರಿ ಅಜ್ಜಾರ... ಇನ್ನೂ ಎಲ್ಲೆಲ್ಲಿ ತಪ್ಪೈತಿ, ಓದಿ ಹೇಳ್ರಿ. ನಾ ಇಲ್ಲೇ ಕುಂತಿರ್ತೀನಿ."

*

ಹೊಗಳುವವರು ಹೊರಗಿನಿಂದಲೇ ಹೊಗಳಿ ಹೋಗುತ್ತಾರೆ... ಒಳಗೆ ಬರಲೇಬೇಕಾದವರು ಮಾತ್ರ ನಿಂತು ದೂರು ಹೇಳುತ್ತಾರೆ.

ನಿಮಗೆ ಇವತ್ತು "ಆಗುತ್ತಿಲ್ಲ" ಎಂದವರು ಯಾರು? ಅವರಿಗೆ ನೀವು ಏನೆಂದು ಉತ್ತರ ಕೊಟ್ಟಿರಿ?