ಲು ಮನೆಯ ಈಟಿ

ಚಳಿಗಾಲ ಆಗಷ್ಟೇ ಶುರುವಾಗಿತ್ತು. ಕೋಳಿ ಕೂಗಿದ್ದರೂ ಬೆಳಕು ಹರಿದಿರಲಿಲ್ಲ. ಅಂಗಳದಲ್ಲಿ ದಿನದ ಈಟಿ ಅಭ್ಯಾಸ ಮುಗಿಸಿದ ಯೂಮಿನ್ ಈಟಿಯನ್ನು ಗೋಡೆಗೆ ಒರಗಿಸಿ, ಇನ್ನೆರಡು ತಿಂಗಳಿಗೆ ಬರುವ ಲಾಬಾ ಹಬ್ಬದ ಗಂಜಿ ಉಂಡ ಮೇಲೆ ತಾನು ಮತ್ತೊಂದು ಮದುವೆಯಾಗಿ ಹೊರಡುವುದಾಗಿ ಮಾವನಿಗೆ ಹೇಳಿದಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು.

ಮಾವ ಲು ದೆಶುನ್ ಬೇಡವೆನ್ನಲಿಲ್ಲ. ಮದುವೆಯಾಗುವವನು ಕುಡಿಯುತ್ತಾನೆಯೇ ಎಂದಷ್ಟೇ ಕೇಳಿದ. ಮಗಳನ್ನು ಕಳಿಸುವ ಹಾಗೆ ಹೊಸ ರಜಾಯಿ ಹೊಲಿಸಿ ಕಳಿಸುತ್ತೇನೆ ಎಂದ. ಆಮೇಲೆ ಈಟಿಯನ್ನೇ ನೋಡುತ್ತ ಕುಳಿತ.

ಲು ಮನೆಯ ಈಟಿವರಸೆ ನಾಡಿನ ಪಾರಂಪರಿಕ ಕಲೆ ಎಂದು ಜಿಲ್ಲೆಯವರು ಬಾಗಿಲ ಮೇಲೆ ಹಿತ್ತಾಳೆ ಫಲಕ ಹೊಡೆದು ಹೋಗಿದ್ದರು. ಆ ಮನೆಯಲ್ಲಿ ಅದನ್ನು ಮಗನಿಗೆ ಕಲಿಸುತ್ತಾರೆ, ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಹೊರಗೆ ಹೋಗುವವಳು. ಈಗ ಮಗನಿಲ್ಲ. ಲಕ್ವ ಹೊಡೆದು ಮುದುಕನ ಬಲಗೈ ಜೋತುಬಿದ್ದಿದೆ. ವರಸೆ ಪೂರ್ತಿಯಾಗಿ ಉಳಿದದ್ದು ಸೊಸೆಯ ಮೈಯಲ್ಲಿ ಮಾತ್ರ. ಮಗಳು ಲಾನ್‌ಹ್ವಾಳನ್ನು ಕೊಟ್ಟದ್ದು ಇದೇ ಓಣಿಯ ಕೊನೆಯ ಮನೆಗೆ. ದಿನಾ ಬಂದು ಅಪ್ಪನಿಗೆ ಗಂಜಿ ಕಾಯಿಸುತ್ತಾಳೆ. ಈಟಿ ಆಡುವ ಹೊತ್ತಿಗೆ ಅಡುಗೆಮನೆಯ ಪರದೆ ಇಳಿಬಿಟ್ಟುಕೊಳ್ಳುತ್ತಾಳೆ.

“ಹೋಗೋ ಮುಂಚೆ ಲಾನ್‌ಹ್ವಾಗೆ ಕಲಿಸ್ತೀನಿ ಮಾವ,” ಎಂದಳು ಯೂಮಿನ್.

“ಮಗಳಿಗೆ ಕಲಿಸೋ ಹಾಗಿಲ್ಲ ಅಂತ ನಿಂಗೊತ್ತಿಲ್ವ?”

“ಮಗಳು ನಿಮಗೆ. ನನಗೆ ನಾದಿನಿ. ನಾದಿನಿಗೆ ಕಲಿಸಬಾರದು ಅಂತ ನಿಮ್ಮ ಹಿರಿಯರು ಹೇಳಿದ್ದನ್ನ ನಾನಂತೂ ಕೇಳಿಲ್ಲ.”

ಮರುದಿನದಿಂದ ಮುದುಕ ಈಟಿ ಆಡುವ ಹೊತ್ತಿಗೆ ಸರಿಯಾಗಿ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂರತೊಡಗಿದ. ಬೆನ್ನ ಹಿಂದೆ ಕಲಿಕೆ ನಡೆಯಿತು. ಲಾನ್‌ಹ್ವಾಗೆ ನಲವತ್ತು ದಾಟಿತ್ತು, ಮೊಣಕಾಲು ಬಗ್ಗುತ್ತಿರಲಿಲ್ಲ.

“ಈಟಿ ಕಣೇ, ಹಿಟ್ಟು ಲಟ್ಟಿಸ್ತಿದೀಯಾ?” ಎಂದು ಯೂಮಿನ್ ಕೆಣಕಿದರೆ, “ಲಟ್ಟಿಸೋದನ್ನ ಕಲೀಬೇಡ ಅಂತ ನಂಗೆ ಯಾರೂ ಹೇಳ್ಲಿಲ್ವಲ್ಲ ಅತ್ತಿಗೆ,” ಎನ್ನುವಳು. ಗೋಡೆಯ ಕಡೆಯಿಂದ ಒಂದು ಕೆಮ್ಮು ಕೇಳುವುದು, ಅಷ್ಟೆ.

ಲಾಬಾ ಕಳೆಯಿತು. ಮರುದಿನ ಬೆಳಿಗ್ಗೆ ಯೂಮಿನ್ ರಜಾಯಿಯ ಗಂಟು ಕಟ್ಟುತ್ತಿರುವಾಗ ಲಾನ್‌ಹ್ವಾ ಒಬ್ಬಳೇ ವರಸೆ ಹಿಡಿದಳು. ಕೊನೆಯ ತಿವಿತದಲ್ಲಿ ಈಟಿಯ ಸದ್ದು ಬೇರೆಯಾಯಿತು.

“ಹಿಂದಿನ ಕೈ ಸೊಂಟ ಬಿಟ್ಟುಬಿಡ್ತು,” ಎಂದ ಮುದುಕ, ಗೋಡೆಗೆ.

ಲಾನ್‌ಹ್ವಾ ನಿಂತುಬಿಟ್ಟಳು. ಯೂಮಿನ್ ಕೈಯ ಗಂಟು ಅಲ್ಲೇ ಉಳಿಯಿತು.

“ಇನ್ನೊಂದ್ಸಲ ಮಾಡು, ಮಗಾ.”

ಯೂಮಿನ್ ಹೊರಟದ್ದು ಅಂದೇ, ಲಾಬಾದ ಮರುದಿನ. ಬಾಗಿಲಲ್ಲಿ ತಿರುಗಿ ನೋಡಿದಾಗ ಮಾವನ ಕುರ್ಚಿ ಅಂಗಳಕ್ಕೆ ಮುಖ ಮಾಡಿತ್ತು.