ಬಂದವರಿಗೆ ಹಾಕಿದ ಕುರ್ಚಿ

ಕಬ್ಬಿಣದ ಕುರ್ಚಿಯನ್ನು ಯಾರಾದರೂ ಸಿಮೆಂಟ್ ನೆಲದ ಮೇಲೆ ಕರ್ರನೆ ಎಳೆದರೆ, ಈಗಲೂ ನನಗೆ ಚಳ್ಳಕೆರೆಯ ನಮ್ಮ ಹೈಸ್ಕೂಲಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆ ವರ್ಷ ಒಂಬತ್ತನೇ ತರಗತಿಗೆ ಕಚೇರಿ ಕೆಲಸದ ಪಾಠ ಹೊಸದಾಗಿ ಬಂದಿತ್ತು. ಮೇಷ್ಟ್ರು ತಮ್ಮ ಮೇಜನ್ನೇ ಆಫೀಸು ಮಾಡಿ, ಅದರ ಹಿಂದೆ ನನ್ನನ್ನು ಕೂರಿಸಿದರು. ಎದುರಿಗೆ ಇನ್ನೊಂದು ಕುರ್ಚಿ ಹಾಕಿಸಿದರು.

"ಬಂದವರು ಯಾರೇ ಆಗಲಿ, ಮೊದಲು ಕೂರಿಸಬೇಕು. ಆಮೇಲೆ ಮಾತು. ಕೂರಿಸಿದರೆ ಹತ್ತು ಅಂಕ."

ಅಷ್ಟರಲ್ಲಿ ಸುತ್ತೋಲೆ ಹಿಡಿದು ಶಾಲೆಯ ಜವಾನ ಒಳಗೆ ಬಂದ. ಅವನು ನಮ್ಮಪ್ಪ. ಮೇಷ್ಟ್ರು ಅವನನ್ನೇ ಕುರ್ಚಿಯ ಪಕ್ಕ ನಿಲ್ಲಿಸಿದರು.

"ಬನ್ರಿ, ಕೂತ್ಕಳ್ರಿ," ಎಂದೆ. ಮನೆಯಲ್ಲಿ ಅಪ್ಪನಿಗೆ ಹಾಗೆ ಅಂದವಳೇ ಅಲ್ಲ. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು.

"ಇರ್ಲಿ ಬಿಡವ್ವ, ನಿಂತ್ಕಂಡೇ ಹೇಳ್ತೀನಿ."

"ಲೇ, ಅವಳೀಗ ಆಫೀಸರ್ ಕಣೋ, ಕೂತ್ಕಳೋ," ಎಂದರು ಮೇಷ್ಟ್ರು.

"ನೀವೇ ನಿಂತೀರಲ್ಲ ಸಾ."

ನಾನು ಮತ್ತೊಮ್ಮೆ ಹೇಳಿದೆ. ಕರೆದ ರೀತಿ ತಪ್ಪೋ, ದನಿ ಸಾಲದೋ ಗೊತ್ತಾಗಲಿಲ್ಲ. ಅಪ್ಪ ಕುರ್ಚಿಯನ್ನು ಕರ್ರನೆ ಎಳೆದುಕೊಂಡ. ಹತ್ತು ಅಂಕ ಬಂತು ಅಂದುಕೊಂಡೆ. ಅವನು ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿ, ಮೇಷ್ಟ್ರ ಕಡೆ ತಿರುಗಿಸಿದ.

"ಕೂತ್ಕಳ್ರಿ ಸಾ."

ಮೇಷ್ಟ್ರು ಕೂತರು. ಪುಸ್ತಕ ತೆರೆದು ನನ್ನ ಹೆಸರಿನ ಮುಂದೆ ಸೊನ್ನೆ ಬರೆದರು. ಅಪ್ಪ ನಿಂತೇ ಇದ್ದ. ಮೇಜಿನ ಹಿಂದೆ ಕೂತಿದ್ದ ನನಗೆ ಏಳಬೇಕೋ ಬೇಡವೋ ತಿಳಿಯಲಿಲ್ಲ.